ಹತ್ತನೆಯ ಪೆಟ್ಟಿಗೆ

ನಮ್ಮ ಮಾವನ ಮುಂದೆ ಯಾರೂ ನೆಟ್ಟಗೆ ನಿಲ್ಲುವುದಿಲ್ಲ. ಎದುರಿನ ಔಷಧಿ ಅಂಗಡಿಯವನು ಕೌಂಟರಿಗೆ ಒರಗಿಕೊಂಡೇ ಮಾತಾಡುತ್ತಾನೆ. ಪಂಕ್ಚರ್ ಅಂಗಡಿಯವನು ಮಾವನನ್ನು ಕಂಡ ಕೂಡಲೇ ಕೆಲಸ ಇರಲಿ ಬಿಡಲಿ ಕುಕ್ಕರಗಾಲಲ್ಲಿ ಕೂತುಬಿಡುತ್ತಾನೆ. ಚರ್ಚಿನ ಸಭೆಯಲ್ಲಿ ಹಾಡಿಗೆ ಎಲ್ಲರೂ ಎದ್ದಾಗಲೂ ಪಕ್ಕದವರ ಮಂಡಿ ಸ್ವಲ್ಪ ಬಾಗಿಯೇ ಇರುತ್ತದೆ. ತಪ್ಪು ಆ ಜನರದ್ದಲ್ಲ. ಮಾವ ಶವಪೆಟ್ಟಿಗೆ ಮಾಡುವ ಬಡಗಿ. ಮನುಷ್ಯ ಎದುರಿಗೆ ಬಂದರೆ ಸಾಕು, ಅವರ ಕಣ್ಣು ತಾನಾಗಿ ತಲೆಯಿಂದ ಕಾಲಿಗೆ ಇಳಿದು, ಭುಜದ ಮೇಲೆ ಒಮ್ಮೆ ಅಡ್ಡ ಹಾದು ಬರುತ್ತದೆ. ಬೇಕೆಂದು ಮಾಡುವುದಲ್ಲ, ಕಸುಬು ಅಂಟಿಸಿದ ಚಾಳಿ. ಮದುವೆಗೆ ಮುಂಚೆ ನಾನು ಮೊದಲ ಸಲ ಈ ಮನೆಗೆ ಬಂದಾಗಲೂ ಹಾಗೇ ನೋಡಿದರು. ಸೊಸೆಯಾಗುವವಳನ್ನು ಅಕ್ಕರೆಯಿಂದ ನೋಡುತ್ತಿದ್ದಾರೆ ಅಂದುಕೊಂಡು ನಾನು ಪೆಚ್ಚುಪೆಚ್ಚಾಗಿ ನಕ್ಕಿದ್ದೆ.

ಮನೆ ಬೀದಿಯ ನಟ್ಟನಡುವೆ ಇದ್ದರೂ ಜನ ಅದಕ್ಕಿಟ್ಟ ಹೆಸರು ಕೊನೇಮನೆ. ಮುಂದಿನ ಕೋಣೆಯೇ ಕೆಲಸದ ಜಾಗ, ಅದನ್ನು ದಾಟಿಯೇ ಅಡುಗೆಮನೆಗೆ ಹೋಗಬೇಕು. ನಾನೆಷ್ಟು ಗುಡಿಸಿದರೂ ಮರದ ಹೊಟ್ಟು ಸಕ್ಕರೆ ಡಬ್ಬಿಯವರೆಗೆ ಬಂದು ಕೂರುತ್ತದೆ. ಈ ವಿಷಯಕ್ಕೆ ನಾನು ದಿನಾ ಗೊಣಗುತ್ತೇನೆ, ಅವರು ದಿನಾ ತಲೆಯಾಡಿಸುತ್ತಾರೆ, ಮಾರನೆಯ ದಿನ ಚಹಾದಲ್ಲಿ ಮತ್ತೆ ಹೊಟ್ಟು ತೇಲುತ್ತದೆ.

ಸಭೆಯಲ್ಲಿ ಉಳಿದವರು ದಶಮಾಂಶವನ್ನು, ಅಂದರೆ ದುಡಿಮೆಯ ಹತ್ತರಲ್ಲೊಂದು ಪಾಲನ್ನು, ಲಕೋಟೆಯಲ್ಲಿ ಹಾಕಿ ಕೊಡುತ್ತಾರೆ. ಮಾವ ಕೊಡುವುದು ಪೆಟ್ಟಿಗೆಯನ್ನು. ಅವರಪ್ಪನ ಕಾಲದಿಂದ ಬಂದ ಕ್ರಮ ಅದು: ಒಂಬತ್ತು ಮಾರಿದ ಮೇಲೆ ಹತ್ತನೆಯದು ದೇವರ ಪಾಲು. ಅದಕ್ಕೆ ಒಳ್ಳೆಯ ಹಲಗೆ, ಹಿತ್ತಾಳೆಯ ಹಿಡಿ, ಒಳಗೆ ಬಿಳಿ ಬಟ್ಟೆ. ಯಾವುದರಲ್ಲೂ ಕೈ ಬಿಗಿ ಹಿಡಿಯುವುದಿಲ್ಲ. ಅದು ದೊಡ್ಡಾಸ್ಪತ್ರೆಯ ಶವಾಗಾರಕ್ಕೆ ಹೋಗುತ್ತದೆ, ಪೆಟ್ಟಿಗೆ ಕೊಳ್ಳುವ ಗತಿಯಿಲ್ಲದ ಯಾರಿಗೋ. ಉಳಿದ ಪೆಟ್ಟಿಗೆಗಳಿಗೆ ಸತ್ತವರ ಅಳತೆ ಬರುತ್ತದೆ, ಆಳಿನ ಉದ್ದದ ಮೇಲೆ ಒಂದು ಗೇಣು. ಹತ್ತನೆಯದು ಮಾತ್ರ ಯಾರಾದರೂ ಸಾಯುವ ಮುಂಚೆಯೇ ಸಿದ್ಧವಾಗಿ ನಿಲ್ಲುತ್ತದೆ. ಒಂದೆರಡು ದಿನದಲ್ಲಿ ಹೋಗಿಬಿಡುತ್ತಿದ್ದುದರಿಂದ, ಅದರ ಅಳತೆ ಎಲ್ಲಿಂದ ಬರುತ್ತದೆಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಈ ಸಲದ್ದು ಹೋಗಲಿಲ್ಲ. ಸಭೆಯ ಕಾರ್ಯದರ್ಶಿ ಬಂದು ತಡೆದರು. ಇಸ್ತ್ರಿ ಮಾಡಿದ ಮನುಷ್ಯ ಅವರು, ಮಾತೂ ಇಸ್ತ್ರಿ ಮಾಡಿದ್ದೇ. ದೇವರ ಪಾಲು ಮೊದಲು ದೇವರ ಮನೆಯಾದ ಸಭೆಗೆ ಬರಬೇಕು, ಅಲ್ಲಿಂದ ಎಲ್ಲಿಗೆ ಹೋಗಬೇಕೆಂದು ಸಮಿತಿ ನೋಡುತ್ತದೆ, ಒಬ್ಬೊಬ್ಬರೂ ತಮಗೆ ತೋಚಿದ ಕಡೆ ಕೊಟ್ಟರೆ ಹೇಗೆ ಎಂದರು. ಸಭೆಯ ಹೊಸ ಕಟ್ಟಡಕ್ಕೆ ಇನ್ನೂ ಚಾವಣಿ ಬಿದ್ದಿಲ್ಲ ಎಂಬುದನ್ನೂ ಮೆಲ್ಲಗೆ ಸೇರಿಸಿದರು. ಸಮಿತಿ ಕೂರುವವರೆಗೆ ಪೆಟ್ಟಿಗೆ ಇಲ್ಲೇ ಇರಲಿ ಎಂದಾಗ ಮಾವ ಆಗಲಿ ಎಂದರು. ದೊಡ್ಡವರ ಮಾತಿಗೆ ಎದುರಾಡುವ ಜೀವ ಅಲ್ಲ ಅದು. ಹೀಗೆ ಹತ್ತನೆಯ ಪೆಟ್ಟಿಗೆ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತೇ ಉಳಿಯಿತು.

ಇವರು, ಅಂದರೆ ನನ್ನ ಗಂಡ, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಎತ್ತರದ ಆಳು. ಬಾಗಿಲಿಗೆ ಹಣೆ ಬಡಿಸಿಕೊಳ್ಳದೆ ಮನೆಯೊಳಗೆ ಬಂದ ದಿನ ಕಡಿಮೆ. ಕಂಬ ಹತ್ತುವ ಮನುಷ್ಯನನ್ನು ಕಟ್ಟಿಕೊಂಡವಳಿಗೆ ಭಯ ಹೊಸದಲ್ಲ, ಬೆಳಿಗ್ಗೆ ಇವರ ಊಟದ ಡಬ್ಬಿಯ ಜೊತೆಗೇ ನಾನು ಅದನ್ನೂ ಕಟ್ಟಿಕೊಂಡು ಕೂರುತ್ತೇನೆ. ಒಂದು ಸಂಜೆ ಇವರು ಕೆಲಸದಿಂದ ಬಂದು, ಸೊಂಟದ ಬೆಲ್ಟನ್ನು ಆ ಪೆಟ್ಟಿಗೆಗೆ ನೇತುಹಾಕಿ, ಅದಕ್ಕೆ ಬೆನ್ನು ಮಾಡಿ ನಿಂತು ಏನೋ ಹೇಳಿ ನಕ್ಕರು. ನಾನು ನಗಲಿಲ್ಲ. ತಲೆಯ ಮೇಲೆ ಉಳಿದ ಜಾಗ ಒಂದು ಗೇಣು. ಭುಜದ ಎರಡೂ ಕಡೆ ನಾಲ್ಕು ಬೆರಳು.

ಮರುದಿನ ಮಾವ ಹಲಗೆ ತರಲು ಹೋದಾಗ ಪೆಟ್ಟಿಗೆಗೆ ದಾರ ಹಿಡಿದೆ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಇವರು ಚಿಕ್ಕವರಿದ್ದಾಗಿನಿಂದ ಬೆಳೆದ ಎತ್ತರವನ್ನೆಲ್ಲ ಮಾವ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಟ್ಟಿದ್ದಾರೆ. ಎಲ್ಲಕ್ಕಿಂತ ಮೇಲಿನ ಗೆರೆಯನ್ನು ಎಷ್ಟೋ ಸಲ ತಿದ್ದಿ ಕಪ್ಪು ಮಾಡಿದ್ದಾರೆ. ದಾರವನ್ನು ನೆಲದಿಂದ ಹಿಡಿದು ನೋಡಿದೆ. ಆ ಗೆರೆಗಿಂತ ಸರಿಯಾಗಿ ಒಂದು ಗೇಣು ಮೇಲೆ ಹೋಯಿತು. ಅಲ್ಲೇ ಹೊಸ್ತಿಲ ಮೇಲೆ ಕೂತೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಇವರು ಫೋನ್ ಎತ್ತುವುದು ತಡವಾದರೆ ಬಿಡದೆ ಮತ್ತೆ ಮತ್ತೆ ಮಾಡುತ್ತಿದ್ದೆ. ಬೀದಿಯಲ್ಲಿ ಯಾರಾದರೂ ಓಡಿದರೆ ನಮ್ಮ ಮನೆಗೇ ಬರುತ್ತಿದ್ದಾರೆ ಅನಿಸುತ್ತಿತ್ತು. ಪೆಟ್ಟಿಗೆಯ ಮೇಲೆ ಹಳೆಯ ಹೊದಿಕೆ ಹಾಕಿದೆ. ಹಾಕಿದ ಮೇಲೆ ಯಾರೋ ಮುಸುಕು ಹೊದ್ದು ನಿಂತ ಹಾಗೆ ಕಂಡು, ತೆಗೆದೆ. ಅದು ಹೇಗಾದರೂ ಮನೆಯಿಂದ ಹೊರಗೆ ಹೋದರೆ ಸಾಕಿತ್ತು. ಅದು ಹೋಗಬೇಕಾದರೆ ಯಾರೋ ಸಾಯಬೇಕು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಯಾರಾದರೂ ಬೇಗ ಹೋಗಲಿ ಎಂಬ ಮಾತೇ ನಾಲಿಗೆಗೆ ಬಂದು, ನನಗೆ ನನ್ನ ಮೇಲೆಯೇ ಭಯವಾಯಿತು.

ಕೊನೆಗೆ ತಡೆಯಲಾರದೆ ಮಾವನನ್ನು ಕೇಳಿಯೇಬಿಟ್ಟೆ. ಅವರು ಹಿಡಿಯೊಂದಕ್ಕೆ ಮೊಳೆ ಕೂರಿಸುತ್ತಿದ್ದರು.

"ಮಾವ, ಅದು ಯಾರ ಅಳತೆ?"

ಅವರು ಸುತ್ತಿಗೆ ಕೆಳಗಿಟ್ಟರು. "ನಿನಗೆ ಗೊತ್ತಾಗಿದೆ ಅಲ್ವಾ?"

ನಾನು ಕೆಂಡಾಮಂಡಲವಾದೆ. ಹೆತ್ತ ಮಗನಿಗೆ ಬದುಕಿದ್ದಾಗಲೇ ಪೆಟ್ಟಿಗೆ ಹೊಡೆಯುವ ತಂದೆ ಎಲ್ಲಾದರೂ ಉಂಟೇ ಎಂದು ಬಾಯಿಗೆ ಬಂದಂತೆ ಅಂದೆ. ಅವರು ಎಲ್ಲ ಕೇಳಿಸಿಕೊಂಡು, ಆಮೇಲೆ ಹೇಳಿದರು. ಇವರಿನ್ನೂ ಹುಡುಗರಾಗಿದ್ದಾಗ ಮಾವ ಹತ್ತನೆಯದನ್ನು ಅಂದಾಜಿಗೆ ಮಾಡುತ್ತಿದ್ದರಂತೆ. ಯಾರಿಗೋ ಪುಕ್ಕಟೆ ಕೊಡುವುದು ತಾನೇ ಎಂದು ಮಿಕ್ಕಿದ ಹಲಗೆ ಜೋಡಿಸಿ, ತಳಕ್ಕೆ ಮೊಳೆ ಕಡಿಮೆ ಹೊಡೆಯುತ್ತಿದ್ದರಂತೆ. ಇವರು ಆಳೆತ್ತರ ಬೆಳೆದ ಮೇಲೆ ಒಂದು ಸಲ ಅಂಥ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗುವಾಗ ತಳ ಬಿಟ್ಟು, ಸತ್ತವನ ಕಾಲು ಅವನ ಮಕ್ಕಳೆದುರಿಗೇ ಹೊರಗೆ ಜಾರಿತಂತೆ.

"ಯಾರಿಗೋ ಅಂತ ಮಾಡಿದ್ರೆ ಕೈ ಸಡಿಲ ಆಗುತ್ತೆ ಮಗಳೇ," ಎಂದರು. "ಅವತ್ತಿಂದ ಇವನ ಅಳತೆಗೇ ಮಾಡ್ತೀನಿ. ಆಗ ಒಂದು ಮೊಳೆನೂ ಕದಿಯಕ್ಕಾಗಲ್ಲ."

"ನಿಮಗೆ ಹೆದರಿಕೆ ಆಗಲ್ವಾ?"

"ಪ್ರತಿ ಸಲನೂ ಆಗುತ್ತೆ."

ಇಷ್ಟು ವರ್ಷ ಎಷ್ಟೋ ಜನ ನನ್ನ ಗಂಡನ ಅಳತೆಯಲ್ಲಿ ಮಲಗಿ ಮಣ್ಣಿಗೆ ಹೋಗಿದ್ದಾರೆ ಎಂದು ತಿಳಿದು ನನಗೆ ಸಮಾಧಾನವೇನೂ ಆಗಲಿಲ್ಲ. ಭಯ ಇನ್ನೂ ಗಟ್ಟಿಯಾಗಿ ಕೂತಿತು.

ಅದೇ ವಾರ ಕಾರ್ಯದರ್ಶಿ ಮತ್ತೆ ಬಂದರು. ಸಮಿತಿ ದಾರಿ ಕಂಡುಕೊಂಡಿತ್ತು. ಸಭೆಯ ದೊಡ್ಡ ವ್ಯಾಪಾರಿಯೊಬ್ಬರ ಅಪ್ಪ ಹಾಸಿಗೆ ಹಿಡಿದಿದ್ದಾರೆ, ತುಂಬು ವಯಸ್ಸು, ಅವರೂ ಎತ್ತರದವರೇ. ಮನೆಯವರು ಈ ಪೆಟ್ಟಿಗೆಯನ್ನು ಒಳ್ಳೆಯ ಬೆಲೆಗೆ ತೆಗೆದುಕೊಳ್ಳುತ್ತಾರೆ, ದುಡ್ಡು ನೇರ ಕಟ್ಟಡಕ್ಕೆ ಹೋಗುತ್ತದೆ. ನನಗೆ ಹೋದ ಜೀವ ಬಂದಂತಾಯಿತು. ಮಾಗಿದ ಮುದುಕರೊಬ್ಬರು ಅದರಲ್ಲಿ ಮಲಗಿದರೆ ನನ್ನ ಗಂಡನ ನೆರಳು ಅದರಿಂದ ಕಳಚಿಹೋಗುತ್ತದೆ ಅನಿಸಿತು. ದೇವರ ಪಾಲು ದೇವರ ಮನೆಗೇ ಹೋದ ಹಾಗೂ ಆಗುತ್ತದೆ, ಯಾರೂ ಬೆರಳು ತೋರಿಸುವಂತಿಲ್ಲ. ನನ್ನ ಮುಖ ನೋಡಿದ ಮಾವ, ಈ ಸಲ ಇದು ಎಲ್ಲಿಗೆ ಹೋಗಬೇಕೆಂದು ಸೊಸೆಯೇ ಹೇಳಲಿ, ಹೆದರಿ ಒಣಗುತ್ತಿರುವವಳು ಅವಳು ಎಂದರು. ಭಾನುವಾರ ವ್ಯಾನ್ ಕಳಿಸಿ ಎಂದು ನಾನು ಕಾರ್ಯದರ್ಶಿಗೆ ಅಲ್ಲೇ ಹೇಳಿದೆ.

ಶುಕ್ರವಾರ ಗಾಳಿ ಎದ್ದಿತು. ಎಲ್ಲೆಲ್ಲೋ ಕಂಬ ಉರುಳಿ, ತಂತಿ ಹರಿದು, ಇವರನ್ನು ಕೆಲಸಕ್ಕೆ ಕರೆದರು. ಶನಿವಾರ ಬೆಳಿಗ್ಗೆಯಾದರೂ ಬರಲಿಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಎಷ್ಟು ಸಲ ಮಾಡಿದೆನೋ. ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡಾಸ್ಪತ್ರೆಯ ಶವಾಗಾರದ ಆಳು ನಿಂತಿದ್ದ. ಹತ್ತನೆಯ ಪೆಟ್ಟಿಗೆಗೆ ಯಾವಾಗಲೂ ಬರುವವನು ಅವನೇ.

"ಮೇಸ್ತ್ರಿ ಇದ್ದಾರಾಮ್ಮ? ಪೆಟ್ಟಿಗೆ ಬೇಕಿತ್ತು. ಉದ್ದನೆ ಆಳು, ಸಣ್ಣ ವಯಸ್ಸು."

ಗೋಡೆ ಹಿಡಿದುಕೊಂಡೆ. ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಅವನು ಇನ್ನೇನೋ ಹೇಳುತ್ತಲೇ ಇದ್ದ. ಮೂಟೆ ಹೊರುವವನು, ಜ್ವರದ ವಾರ್ಡಿನಲ್ಲಿ ಬೆಳಿಗ್ಗೆ ಹೋದ, ತಾಯಿ ಒಬ್ಬಳೇ ಎಂಬುದು ನನ್ನ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಇಳಿದ ಕೂಡಲೇ ಬಂದ ಮೊದಲ ಯೋಚನೆ, ಸದ್ಯ, ಇವರಲ್ಲ ಎಂಬುದು.

ಮಾವ ಒಳಗಿನಿಂದ ಬಂದು, ಪೆಟ್ಟಿಗೆ ಈ ಸಲ ತಮ್ಮ ಕೈಯಲ್ಲಿಲ್ಲ ಎಂದು ನನ್ನ ಕಡೆ ತೋರಿಸಿದರು. ಆಸ್ಪತ್ರೆಯಲ್ಲಿ ಕೊಡುವ ಪೆಟ್ಟಿಗೆ ಎಲ್ಲಾ ಒಂದೇ ಅಳತೆ, ಗಿಡ್ಡ ಎಂದು ಆಳು ವಿವರಿಸಿದ. ತಾಯಿ ಬೆಳಗಿನಿಂದ ಶವಾಗಾರದ ಮೆಟ್ಟಿಲ ಮೇಲೆ ಕೂತಿದ್ದಾಳಂತೆ. ಅಳುತ್ತಲೂ ಇಲ್ಲವಂತೆ. ನನ್ನ ಮಗನ ಕಾಲು ಮಡಿಸಬೇಡಿ ಎಂಬುದೊಂದೇ ಮಾತು.

ಕೈಯಲ್ಲಿದ್ದ ಫೋನಿಗೆ ಇನ್ನೂ ಉತ್ತರವಿರಲಿಲ್ಲ. ಈ ಹೊತ್ತಿನಲ್ಲಿ, ಇವರಷ್ಟೇ ಎತ್ತರದ, ಇವರಷ್ಟೇ ವಯಸ್ಸಿನ ಒಬ್ಬನನ್ನು ಇವರ ಅಳತೆಯ ಪೆಟ್ಟಿಗೆಯಲ್ಲಿ ಮಲಗಿಸಲು ಒಪ್ಪುವುದೆಂದರೆ ನನ್ನ ಕೈಯಾರೆ ಇವರನ್ನೇ ಎತ್ತಿ ಕೊಟ್ಟಂತೆ ಅನಿಸಿತು. ಬೇಡ ಅಂದರೆ ನನ್ನನ್ನು ಕೇಳುವವರಿಲ್ಲ. ಮಾತು ಕೊಟ್ಟಾಗಿದೆ, ನಾಳೆ ವ್ಯಾನ್ ಬರುತ್ತದೆ. ಆದರೆ ವ್ಯಾಪಾರಿಯ ಅಪ್ಪನಿಗೆ ಮಾವ ಇನ್ನೊಂದು ಮಾಡಿಕೊಡಬಹುದು, ಅವರಿನ್ನೂ ಉಸಿರಾಡುತ್ತಿದ್ದಾರೆ. ಮೆಟ್ಟಿಲ ಮೇಲೆ ಕೂತವಳಿಗೆ ಇನ್ನೊಂದು ದಿನವಿಲ್ಲ. ತೆಗೆದುಕೊಂಡು ಹೋಗಿ ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. ಮನೆಯಲ್ಲಿ ಒಬ್ಬಳೇ ಕೂತಿರಲಾರದೆ ನಾನೂ ಆಳು ತಂದಿದ್ದ ಗೂಡ್ಸ್ ಆಟೋ ಹತ್ತಿದೆ. ಹಿಂದೆ ಮಾವ ಪೆಟ್ಟಿಗೆಯನ್ನು ಅಲ್ಲಾಡದಂತೆ ಹಿಡಿದು ಕೂತರು.

ಶವಾಗಾರ ಆಸ್ಪತ್ರೆಯ ಹಿಂಭಾಗದಲ್ಲಿದೆ, ಬಟ್ಟೆ ಒಗೆಯುವ ಕೋಣೆಯ ಪಕ್ಕ. ಫಿನಾಯಿಲ್ ವಾಸನೆ ಹೊರಗಿನವರೆಗೂ ಬರುತ್ತಿತ್ತು. ನಾನು ಒಳಗೆ ಹೋಗುವುದಿಲ್ಲವೆಂದುಕೊಂಡಿದ್ದೆ, ಆದರೆ ಆ ತಾಯಿ ಎದ್ದು ಬಂದು ನನ್ನ ತೋಳು ಹಿಡಿದಳು, ಬಿಡಿಸಿಕೊಳ್ಳಲಾಗಲಿಲ್ಲ. ಮಾವ ಮತ್ತು ಆಳು ಸೇರಿ ಅವನನ್ನು ಎತ್ತಿ ಇಟ್ಟರು. ಕಾಲು ಮಡಿಸಬೇಕಾಗಲಿಲ್ಲ. ತಲೆಯ ಮೇಲೆ ಒಂದು ಗೇಣು ಉಳಿಯಿತು. ಆ ಹೆಂಗಸು ಬಗ್ಗಿ ಮಗನ ಪಾದ ಮುಟ್ಟಿ, ಪಕ್ಕದ ಹಲಗೆ ಸವರಿ, ಒಳಗಿನ ಬಟ್ಟೆಯ ಹೊಲಿಗೆಯನ್ನು ಬೆರಳಲ್ಲಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇಷ್ಟು ಸರಿಯಾಗಿದೆಯಲ್ಲ. ಯಾರಿಗೆ ಅಂತ ಮಾಡಿದ್ದಮ್ಮ ಇದು?"

ಮಾವ ತಲೆ ತಗ್ಗಿಸಿದರು. ಸುಳ್ಳು ಹೇಳಬಹುದಿತ್ತು.

"ನನ್ನ ಗಂಡನ ಅಳತೆಗೆ," ಎಂದೆ.

ಅವಳು ನನ್ನನ್ನೇ ನೋಡಿದಳು. ಈಗ ಶಾಪ ಬರುತ್ತದೆ, ನಿನ್ನವನು ಇದ್ದಾನೆ ನನ್ನವನು ಹೋದ ಎಂಬ ಮಾತು ಬರುತ್ತದೆ ಎಂದು ಕಾದೆ. ಅವಳು ಮಗನ ಪಾದದ ಮೇಲಿದ್ದ ಕೈಯನ್ನು ತೆಗೆದು ನನ್ನ ತಲೆಯ ಮೇಲೆ ಇಟ್ಟಳು.

"ಅವನು ಚೆನ್ನಾಗಿರ್ಲಿ," ಎಂದಳು. "ಅವನಿಗೆ ಇದು ಬೇಡ."

ಅವಳ ಕೈ ತಣ್ಣಗಿತ್ತು. ಬೆಳಗಿನಿಂದ ಅಳದಿದ್ದವಳು ಆಗ ಅತ್ತಳು, ಅವಳನ್ನು ಹಿಡಿದುಕೊಂಡು ನಾನೂ ಅತ್ತೆ.

ಇವರು ಸಂಜೆ ಬಂದರು, ಎಂದಿನಂತೆ ಬಾಗಿಲಿಗೆ ಹಣೆ ಬಡಿಸಿಕೊಂಡು. ಫೋನ್ ಇಲಾಖೆಯ ಜೀಪಿನಲ್ಲೇ ಉಳಿದಿತ್ತಂತೆ. ಹಿಡಿಶಾಪ ಹಾಕಬೇಕೆಂದುಕೊಂಡಿದ್ದವಳು ಬಿಸಿನೀರು ಕಾಯಿಸಲು ಒಳಗೆ ಹೋದೆ. ಭಾನುವಾರ ಕಾರ್ಯದರ್ಶಿಯ ವ್ಯಾನ್ ಬಂದು ಖಾಲಿ ಹೋಯಿತು. ಅವರ ಮುಖದ ಇಸ್ತ್ರಿ ಸ್ವಲ್ಪ ಕೆಟ್ಟಿತು. ಸಮಿತಿಗೆ ಏನು ಹೇಳಲಿ ಎಂದು ಕೇಳಿದರು. ದೇವರ ಪಾಲು ತಲುಪಬೇಕಾದ ಕಡೆ ತಲುಪಿತು, ತಲುಪಿಸಿದವಳು ನಾನು ಎಂದು ಹೇಳಿ ಎಂದೆ. ವ್ಯಾಪಾರಿಯ ಅಪ್ಪ ಇನ್ನೂ ಗಟ್ಟಿಮುಟ್ಟಾಗಿ ಗಂಜಿ ಕುಡಿಯುತ್ತಿದ್ದಾರೆ.

ಭಯ ಹೋಯಿತೆಂದರೆ ಸುಳ್ಳಾದೀತು. ಗಾಳಿ ಬೀಸಿದರೆ ಇವತ್ತಿಗೂ ಫೋನ್ ಹಿಡಿದು ಕೂರುತ್ತೇನೆ. ಮೊನ್ನೆ ಮಾವ ಒಂಬತ್ತನೆಯದನ್ನು ಕಳಿಸಿ, ಹೊಸ ಹಲಗೆಗೆ ಉಜ್ಜುಗೊರಡು ಹಿಡಿದರು. ಶವಾಗಾರದ ಆಳು ಹೋದ ಸಲ ಹೇಳಿದ್ದ, ಹೆಂಗಸರ ವಾರ್ಡಿನಲ್ಲೂ ಗತಿಯಿಲ್ಲದವರು ಬಹಳ, ಅವರಿಗೆ ಗಂಡಸರ ಪೆಟ್ಟಿಗೆ ತೀರಾ ದೊಡ್ಡದು, ಒಳಗೆ ಅಲ್ಲಾಡುತ್ತಾರೆ ಎಂದು. ಮಾವ ಕಿವಿಯ ಸಂದಿಯಲ್ಲಿದ್ದ ಪೆನ್ಸಿಲ್ ತೆಗೆದರೂ ಹಲಗೆಗೆ ಅಳತೆಯ ಗುರುತು ಹಾಕದೆ ಕೂತಿದ್ದರು. ನನ್ನನ್ನು ಕೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ನಾನೇ ಹೋಗಿ ಅಡುಗೆಮನೆಯ ಚೌಕಟ್ಟಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತೆ. ಮಾವ ಎದ್ದು ಬಂದು ನನ್ನ ತಲೆಯ ಮೇಲೆ ಪೆನ್ಸಿಲ್ ಇಟ್ಟರು. ಜೀವನವೆಲ್ಲ ಮಟ್ಟಕೋಲಿಲ್ಲದೆ ನೇರ ಗೆರೆ ಎಳೆದ ಮನುಷ್ಯ. ನಾನು ಈಚೆ ಬಂದು ನೋಡಿದಾಗ ಗೆರೆ ಸೊಟ್ಟಗಿತ್ತು.