ಪಾಸ್ ಅವರದು

ನೈರೀ ಟುಲಕ್ ನಮ್ಮ ನೆಟ್‌ಬಾಲ್ ಲೀಗಿನ ಸ್ಕೋರ್ ಮೇಜಿನ ಹಿಂದೆ ಹತ್ತು ವರ್ಷ ಕೂತಳು. ಒಮ್ಮೆಯೂ ಚಪ್ಪಾಳೆ ತಟ್ಟಲಿಲ್ಲ. ಮೇಜಿನವರು ತಟ್ಟಬಾರದೆಂಬುದು ನಿಯಮ. ಪಕ್ಕದ ಕುರ್ಚಿ ನನ್ನದು. ನಾನು ಮರ್ಡೊ, ಎರಡನೇ ಸ್ಕೋರರ್, ಮಿಕ್ಕ ದಿನ ಹಾರ್ಡ್‌ವೇರ್ ಅಂಗಡಿಯವನು. ನಾನೂ ಚಪ್ಪಾಳೆ ತಟ್ಟುತ್ತಿರಲಿಲ್ಲ, ಮೇಜಿನ ಕೆಳಗೆ ತೊಡೆ ತಟ್ಟಿಕೊಳ್ಳುತ್ತಿದ್ದೆ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಇಷ್ಟೇ ಎಂದು ಬಹಳ ಕಾಲ ನಂಬಿದ್ದೆ.

ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಮದುವೆಯಾಗಲಿಲ್ಲ. ತಮ್ಮ ತೀರಿಕೊಂಡ ಮೇಲೆ ಅವನ ಮಗಳು ಬ್ರೋನಾಳನ್ನು ಸಾಕಿದಳು. ಆ ಹುಡುಗಿಯೇ ಬೆಳೆದು ನಮ್ಮ ತಂಡದ ಸೆಂಟರ್ ಆಟಗಾರ್ತಿಯಾದಳು. ಪಂದ್ಯದ ದಿನ ನೈರೀ ಅಡುಗೆಮನೆಯ ಚಾಕುವಿನಲ್ಲಿ ಎರಡು ಪೆನ್ಸಿಲ್ ಚೂಪು ಮಾಡಿಕೊಂಡು ಬರುತ್ತಿದ್ದಳು. ಒಂದು ಅವಳಿಗೆ, ಇನ್ನೊಂದು ಮರೆತು ಬರುವ ನನಗೆ.

ದೇಶದಲ್ಲಿ ಹತ್ತು ತಂಡ. ದಕ್ಷಿಣ ದ್ವೀಪದ ತಳದಲ್ಲಿದ್ದ ನಮ್ಮದು ಎಲ್ಲಕ್ಕಿಂತ ಬಡ ತಂಡ, ಹೆಸರು ಟಿಟೀ, ನಮ್ಮ ಕಡೆಯ ಕಡಲಹಕ್ಕಿಯದು. "ಉಪ್ಪು ಹಾಕಿ ಬಕೆಟ್ಟಲ್ಲಿ ತುಂಬೋ ಹಕ್ಕಿ ಹೆಸರೇ ಸಿಕ್ಕಿತಾ ನಿಮಗೆ?" ಎಂದು ಆಕ್ಲೆಂಡಿನವರು ನಗುತ್ತಿದ್ದರು. ಹುಡುಗಿಯರನ್ನು ಊರೂರಿಗೆ ಕಳಿಸಲು ನಮ್ಮ ಹೆಂಗಸರು ಡಜನ್ ಲೆಕ್ಕದಲ್ಲಿ ಚೀಸ್ ರೋಲ್ ಸುತ್ತಿ ಮಾರುತ್ತಿದ್ದರು. ಸುತ್ತಿದವರೇ ಮನೆಗೊಯ್ದು ತಿನ್ನುತ್ತಲೂ ಇದ್ದರು. ಹಾಗೆ ನಡೆಯುತ್ತಿತ್ತು ರಾಷ್ಟ್ರದ ಅತ್ಯುನ್ನತ ಲೀಗು.

ಹತ್ತನೇ ವರ್ಷ ಸುದ್ದಿ ಬಂತು: ಈ ಲೀಗು ಮುಗಿಯಿತು. ಮುಂದೆ ಆಸ್ಟ್ರೇಲಿಯಾದವರ ಜೊತೆ ಹೊಸ ಲೀಗು, ನಮ್ಮ ಹತ್ತರಲ್ಲಿ ಐದಕ್ಕೆ ಮಾತ್ರ ಜಾಗ. ಕ್ಲಬ್ಬಿನ ಅಧ್ಯಕ್ಷ ಕೆಲ್ವಿನ್ ಚೀಸ್ ರೋಲ್ ಬಾಯಲ್ಲಿಟ್ಟುಕೊಂಡೇ ಸಭೆಯಲ್ಲಿ ಗುಡುಗಿದ. "ಮೊದಲ ನಾಲ್ಕರಲ್ಲಿ ಬಂದ್ವಿ ಅಂದ್ರೆ ಯಾರಪ್ಪನ ಕೈಲೂ ನಮ್ಮನ್ನ ಅಲ್ಲಾಡ್ಸೋಕಾಗಲ್ಲ!"

ನಾಲ್ಕರೊಳಗೆ ಬರಲು ಇನ್ನೊಂದೇ ಪಂದ್ಯ ಗೆಲ್ಲಬೇಕಿತ್ತು. ಅಂದು ಇಡೀ ಊರು ಕ್ರೀಡಾಂಗಣದಲ್ಲಿತ್ತು. ಕೊನೆಯ ನಿಮಿಷದಲ್ಲಿ ಎರಡೂ ಕಡೆ ಐವತ್ತೊಂದು.

ನೆಟ್‌ಬಾಲಿನಲ್ಲಿ ಗೋಲು ಯಾರೇ ಹಾಕಲಿ, ಮುಂದಿನ ಆಟ ನಡುವೃತ್ತದಿಂದ ಶುರುವಾಗುತ್ತದೆ, ಆ ಪಾಸ್ ಸರದಿಯಂತೆ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ. ಗದ್ದಲದಲ್ಲಿ ಸರದಿ ಎಲ್ಲರಿಗೂ ಮರೆತುಹೋಗಿತ್ತು. ಬ್ರೋನಾ ಚೆಂಡು ಎತ್ತಿಕೊಂಡು ವೃತ್ತದೊಳಗೆ ನಿಂತಿದ್ದಳು. ಎದುರಾಳಿಗಳು ಕೂಗಾಡಿದರು. ಅಂಪೈರ್ ಗಡಿಯಾರ ನಿಲ್ಲಿಸಿ ಮೇಜಿಗೆ ಬಂದರು.

"ಪಾಸ್ ಯಾರದು?"

ನೈರೀ ಪ್ರತಿ ಪಾಸಿನ ಗುರುತಿದ್ದ ತನ್ನ ಹಾಳೆ ನೋಡಿದಳು. ಆಮೇಲೆ ಬ್ರೋನಾಳನ್ನು ನೋಡಿದಳು. ಮತ್ತೆ ಹಾಳೆ.

"ಪಾಸ್ ಅವರದು."

ಅಂಪೈರ್ ನನ್ನತ್ತ ತಿರುಗಿದರು. "ನಿಮ್ಮ ಹಾಳೆಯಲ್ಲೂ ಹಾಗೇನಾ?"

ನನ್ನ ಹಾಳೆಯಲ್ಲೂ ಹಾಗೇ ಇತ್ತು. ನಾನು ಮೊಣಕೈಯನ್ನು ಅದರ ಮೇಲೆ ಜರುಗಿಸಿದೆ. "ನಾನು... ಸರಿಯಾಗಿ ಗಮನಿಸಲಿಲ್ಲ."

ಬ್ರೋನಾಳ ಕೈಯಿಂದ ಚೆಂಡು ಆ ಕಡೆ ಹೋಯಿತು. ಅವರು ಗೋಲು ಹಾಕಿದರು. ಗಂಟೆ ಹೊಡೆಯಿತು.

ಆಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಬ್ರೋನಾ ಅಳುತ್ತಾ ಕಿರುಚಿದ್ದು ಅರ್ಧ ಊರಿಗೆ ಕೇಳಿಸಿತು. "ಸುಮ್ನೆ ಇದ್ದಿದ್ರೆ ಸಾಕಿತ್ತಲ್ಲ ಅತ್ತೆ!"

"ಅಂಪೈರ್ ಕೇಳಿದ್ರು ಕಣೇ."

"ಗಮನಿಸಲಿಲ್ಲ ಅನ್ನೋಕೆ ಬಾಯಿ ಇರ್ಲಿಲ್ವಾ? ಮರ್ಡೊ ಅಂದ್ರಲ್ಲ!"

ನನ್ನನ್ನು ಯಾರಾದರೂ ಆದರ್ಶವಾಗಿ ತೋರಿಸಿದ್ದು ಅದೊಂದೇ ಸಲ. ನಾನು ಕಾರಿನ ಕೀಲಿ ಹುಡುಕುವವನಂತೆ ಜೇಬು ತಡಕುತ್ತಾ ನಿಂತಿದ್ದೆ.

ಆ ವಾರವೇ ಬ್ರೋನಾ ಬಟ್ಟೆ ಕಟ್ಟಿಕೊಂಡು ಗೆಳತಿಯ ಮನೆಗೆ ಹೋದಳು, ಮರಳಿ ಬರಲಿಲ್ಲ. ಅಂಚೆ ಕಚೇರಿಯಲ್ಲಿ ನೈರೀಯ ಕೌಂಟರ್ ಖಾಲಿ, ಪಕ್ಕದ್ದಕ್ಕೆ ಬಾಗಿಲವರೆಗೆ ಸಾಲು. ಚೀಸ್ ರೋಲ್ ಸುತ್ತಲು ಅವಳನ್ನು ಕರೆಯುವುದನ್ನೂ ಬಿಟ್ಟರು. ನನ್ನ ಅಂಗಡಿಯಲ್ಲಿ ಮೊಳೆ ಕೊಳ್ಳುತ್ತಾ ಜನ ಅವಳನ್ನು ಬಯ್ಯುತ್ತಿದ್ದರು. ನಾನು ತಲೆಯಾಡಿಸುತ್ತಾ ತೂಗುತ್ತಿದ್ದೆ.

ಎರಡು ತಿಂಗಳ ಮೇಲೆ ಪತ್ರಿಕೆಯಲ್ಲಿ ಬಂತು: ಐದು ಹೆಸರುಗಳ ಪಟ್ಟಿ ಆ ಪಂದ್ಯಕ್ಕೂ ಮೊದಲೇ ಸಿದ್ಧವಾಗಿತ್ತಂತೆ. ನಾವು ಗೆದ್ದಿದ್ದರೂ ಅದರಲ್ಲಿ ಇರುತ್ತಿರಲಿಲ್ಲ. ಇನ್ನಾದರೂ ಊರು ಅವಳನ್ನು ಬಿಟ್ಟೀತು ಎಂದುಕೊಂಡೆ. ಬಿಡಲಿಲ್ಲ. ಪಟ್ಟಿ ಮಾಡಿದವರ ಮೇಲೆ ಸಿಟ್ಟು ತೀರಿಸಬೇಕಾದರೆ ಬಸ್ಸು ಹತ್ತಬೇಕು, ಹಡಗು ಹತ್ತಬೇಕು. ನೈರೀ ಇರುವುದು ಎರಡನೇ ಬೀದಿಯಲ್ಲಿ.

ಮುಂದಿನ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಶಾಲೆಯ ಡಾಂಬರು ಅಂಗಳದ ಬಳಿ ಅವಳ ಕಾರು ಕಂಡೆ. ಮಕ್ಕಳು ಆಡುತ್ತಿದ್ದರು. ಅವಳು ಒಳಗೇ ಕೂತು ನೋಡುತ್ತಿದ್ದಳು. ಅಂಗಡಿಯ ಖಾನೆಯಲ್ಲಿ ಬಚ್ಚಿಟ್ಟಿದ್ದ ಆ ಪಂದ್ಯದ ನನ್ನ ಹಾಳೆಯನ್ನು ಹೋಗಿ ತಂದು ಕಿಟಕಿ ತಟ್ಟಿದೆ.

"ನೈರೀ, ನನ್ನ ಹಾಳೆಯಲ್ಲೂ ಅದೇ ಇತ್ತು."

ಅವಳು ಹಾಳೆ ಮುಟ್ಟಲಿಲ್ಲ. "ಗೊತ್ತು ಮಾರಾಯಾ. ಪಕ್ಕದಲ್ಲೇ ಕೂತಿದ್ನಲ್ಲ. ಮೊಣಕೈ ಇಟ್ಟೆ ಸರಿ, ಆದ್ರೆ ನಿನ್ನ ಮೊಣಕೈ ಅಷ್ಟೇನೂ ದಪ್ಪ ಇಲ್ಲ."

"ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?"

"ಅಂಪೈರ್ ಕೇಳಿದ್ದು ನಿನ್ನನ್ನ."

"ಈಗ ಹೇಳ್ತೀನಿ. ಊರಿಗೆಲ್ಲ ಹೇಳ್ತೀನಿ."

"ಹೇಳು," ಎಂದಳು, ನಂಬದವಳ ದನಿಯಲ್ಲಿ. "ಚಳಿ ಬರ್ತಿದೆ, ಗಾಜು ಏರಿಸ್ಲಾ?"

ಏರಿಸಿದಳು. ಅವಳ ಮಡಿಲಲ್ಲಿ ಹಾಳೆಯೂ ಇರಲಿಲ್ಲ, ಪೆನ್ಸಿಲ್ಲೂ ಇರಲಿಲ್ಲ.

ಮಧ್ಯಾಹ್ನ ಕೆಲ್ವಿನ್ ಅಂಗಡಿಗೆ ಬಂದ. ಅರ್ಧ ಕಿಲೋ ಮೊಳೆ ಕೇಳಿದ. "ಆ ಮುದುಕಿ ಇವತ್ತೂ ಅಂಗಳದ ಹತ್ರ ಬಂದಿದ್ಲಂತೆ, ನಾಚಿಕೆ ಇಲ್ದೋಳು," ಎಂದ. ಹಾಳೆ ಇನ್ನೂ ನನ್ನ ಕೋಟಿನ ಜೇಬಿನಲ್ಲಿತ್ತು. ಬಾಯಿ ತೆರೆದೆ ಕೂಡ.

"ಉದ್ದದ್ದಾ, ಗಿಡ್ಡದ್ದಾ?" ಎಂದು ಕೇಳಿ ತೂಗಿಕೊಟ್ಟೆ.