ಗಿರಣಿ ಅಕ್ಕ ಮತ್ತು ಬೀಗ ಹಾಕಿದ ಏಳು ಮನೆಗಳು

ಗಂಗಾವತಿಯ ನಮ್ಮ ವಾರ್ಡ್ ಸಮಿತಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಕ್ಕನೂ ನಾನೂ ಸದಸ್ಯರಾಗಿದ್ದೆವು. ಅವರು ಒಂದಕ್ಷರ ಬರೆದುಕೊಂಡದ್ದನ್ನೂ ನಾನು ಕಾಣೆ. ಯಾರು ದೂರು ತಂದರೂ ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, "ಕುಂದರ್ರಿ, ಜ್ವಾಳ ಬೀಸೂತನಾ ಹೇಳ್ರಿ" ಎನ್ನುತ್ತಿದ್ದರು. ಜನ ಹೇಳುತ್ತಿದ್ದರು. ತಾರೀಖು ಹಾಕಿದ ನೋಟ್‌ಬುಕ್ ಇದ್ದದ್ದು ನನ್ನ ಹತ್ತಿರ. ನನ್ನನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ.

ಈ ವರ್ಷ ವಾರ್ಡಿಗೆ ಒಂದೇ ಕೆಲಸ ಮಂಜೂರಾಗುವುದಿತ್ತು. ಅದಾದರೂ ನನ್ನಿಂದ ಆಯಿತೆಂದು ಜನ ಅನ್ನಲಿ ಎಂದು ಒಂಬತ್ತು ದಿನ ಅಲೆದು ನಲವತ್ತೆರಡು ಮನೆಗಳ ಪಟ್ಟಿ ಮಾಡಿದೆ. ಮೂವತ್ತೊಂದು ಮನೆಯವರು ಚರಂಡಿ ಕೇಳಿದರು, ನಾಲ್ಕು ಮನೆಯವರು ಬೀದಿದೀಪ ಕೇಳಿದರು, ಏಳು ಮನೆಗಳಿಗೆ ಬೀಗವಿತ್ತು. ಸಭೆಯಲ್ಲಿ ಅದನ್ನು ಓದಿದೆ.

"ಬೀಗ ಇದ್ದ ಮನಿ ಯಾವ್ಯಾವು, ತಮ್ಮಾ?" ಎಂದರು ಅಕ್ಕ. ಹೇಳಿದೆ.

"ಎಲ್ಲಾ ಕಡೀ ಓಣಿವು. ಆ ಹೆಣ್ಮಕ್ಕಳು ನಸುಕಿನ್ಯಾಗ ಸಿದ್ದಾಪುರದ ಕಡಿ ನಾಟಿಗೆ ಹೋಗಿ ಕತ್ತಲಾದ ಮ್ಯಾಲ ಬರ್ತಾರ. ದಾರ್ಯಾಗ ಒಂದ್ ಲೈಟಿನ ಕಂಬ ಇಲ್ಲ. ನೀ ಹಗಲೊತ್ತು ಹ್ವಾದ್ರ ಬೀಗ ಮಾತಾಡತೈತೇನು?"

ಎಲ್ಲರೂ ನಕ್ಕರು. ಚರಂಡಿ ಬಿಟ್ಟು ಆ ಓಣಿಯ ದೀಪಕ್ಕೇ ಒಪ್ಪಿಗೆಯಾಯಿತು. ನನಗೆ ಹೊಟ್ಟೆ ಉರಿಯಿತು. ಅಕ್ಕ ಹೇಳಿದ್ದು ಸರಿಯಿತ್ತೆಂದು ಇನ್ನಷ್ಟು ಉರಿಯಿತು.

ಮರುದಿನ ನಸುಕಿನಲ್ಲೇ, ಅಕ್ಕನಿಗಿಂತ ಮೊದಲು ಸುದ್ದಿ ಮುಟ್ಟಿಸಬೇಕೆಂದು ಆ ಓಣಿಗೆ ಹೋದೆ. ಮೊದಲ ಮನೆಯಾಕೆ ಬುತ್ತಿ ಕಟ್ಟುತ್ತಿದ್ದಳು. ದೀಪ ಬರುತ್ತದೆ ಎಂದೆ.

"ಗಿರಣಿ ಅಕ್ಕಾರು ಕಳಿಸ್ಯಾರೇನ್ರಿ?" ಎಂದಳು.

ಏಳೂ ಮನೆಗಳಲ್ಲಿ ಅದೇ ಪ್ರಶ್ನೆ. ಆರರಲ್ಲಿ ಇಲ್ಲವೆಂದೆ. ಏಳನೆಯದರಲ್ಲಿ ಹೌದೆಂದೆ, ಅಲ್ಲಿ ಚಾಪೆ ಹಾಸಿ ಚಹಾ ಕೊಟ್ಟರು.