ಸಂಘವೋ ದತ್ತಿಯೋ, ನಡುವೆ ಓರಗಿತ್ತಿ

ಜನ ಮೂಲೆಗೆಸೆದ ವಾಕರ್, ಊರುಗೋಲು, ಗಾಲಿಕುರ್ಚಿಗಳನ್ನು ತಂದು, ತಿಕ್ಕಿ ತೊಳೆದು, ಬೇಕಾದವರಿಗೆ ಪುಕ್ಕಟೆ ಕೊಡುವುದು ನಿವೃತ್ತ ನರ್ಸಮ್ಮನ ಕೆಲಸ. ಜೊತೆಗೆ ಉಪದೇಶವೂ ಪುಕ್ಕಟೆ. ಮಂಚದ ಕೆಳಗೂ ಊರುಗೋಲುಗಳು ಸೇರಿಕೊಂಡ ದಿನ ಗಂಡ ಕೈಮುಗಿದ: "ತಾಯೀ, ಇದಕ್ಕೊಂದು ಸಂಸ್ಥೆ ಅಂತ ಮಾಡಿ ಬೇರೆ ಕಡೆ ಸಾಗಿಸು. ನಾನೂ ಈ ಮನೇಲಿ ಇರ್ಬೇಕಲ್ಲ!"

ಆಡಿಟರ್ ಎರಡು ದಾರಿ ತೋರಿಸಿದ. "ಲಾಭರಹಿತ ಸಂಘ ಅಂದ್ರೆ ಸದಸ್ಯರಿಗೋಸ್ಕರ. ಅವರೇ ಓಟು ಹಾಕಿ ಅಧ್ಯಕ್ಷರನ್ನ ಆರಿಸ್ತಾರೆ. ದತ್ತಿ ಸಂಸ್ಥೆ ಅಂದ್ರೆ ಎಲ್ಲರಿಗೂ. ದಾನಿಗಳಿಗೆ ತೆರಿಗೆ ಉಳಿಯುತ್ತೆ, ಆದ್ರೆ ಯಾರಿಗೂ ಇಲ್ಲ ಅನ್ನೋ ಹಾಗಿಲ್ಲ."

"ಯಾರಿಗೂ?"

"ಯಾರಿಗೂ."

ನರ್ಸಮ್ಮನ ಮುಖ ಹುಳ್ಳಗಾಯಿತು. ಆ 'ಯಾರಿಗೂ' ಒಳಗೆ ಪಕ್ಕದ ಬೀದಿಯ ಓರಗಿತ್ತಿಯೂ ಬಂದಳಲ್ಲ! "ಇವಳ ಅಡುಗೇಲಿ ಆಸ್ಪತ್ರೆ ವಾಸನೆ" ಎಂದು ನೆಂಟರೆದುರು ಆಡಿಕೊಂಡ ಮಹಾತಾಯಿ. ಅಂದಿನಿಂದ ಮಾತುಕತೆ ಬಂದ್. ಈಗ ಮಂಡಿ ಕೆಟ್ಟು, ಗೋಡೆ ಹಿಡಿದು ಓಡಾಡುತ್ತಾಳಂತೆ. ಸುದ್ದಿ ಕೇಳಿ ನರ್ಸಮ್ಮನಿಗೆ ಸಂಕಟವಾಗಿತ್ತು. ಸಂಕಟವಾಯಿತಲ್ಲ ಎಂದು ಸಿಟ್ಟೂ ಬಂದಿತ್ತು.

"ಸಂಘಾನೇ ಇರ್ಲಿ," ಎಂದಳು.

"ಅತ್ತಿಗೆ ಸದಸ್ಯರಾಗಿ ಚುನಾವಣೆಗೆ ನಿಂತ್ರೆ?" ಎಂದ ಜೊತೆಗೆ ಬಂದಿದ್ದ ಗಂಡ, ಬೇಕಂತಲೇ.

ಓರಗಿತ್ತಿಯ ಬಾಯಿಗೆ ಎದುರುಂಟೆ? ಓಟೆಲ್ಲ ಅವಳಿಗೇ. ನರ್ಸಮ್ಮ ಬೆವರಿದಳು. "ಬೇಡ, ದತ್ತಿ ಅಂತ್ಲೇ ಬರೀರಿ. ಬಂದು ಕೇಳ್ಲಿ, ಕೊಡ್ತೀನಿ."

ಓರಗಿತ್ತಿ ಬರಲಿಲ್ಲ. ನಡೆಯಲಾಗದವಳು ಬರುವುದಾದರೂ ಹೇಗೆಂದು ತಡವಾಗಿ ಹೊಳೆದು, ನರ್ಸಮ್ಮ ತನ್ನನ್ನೇ ಬೈದುಕೊಳ್ಳುತ್ತ ವಾಕರ್ ಹೊತ್ತು ಹೊರಟಳು.

"ದತ್ತಿ ಸಂಸ್ಥೆಯಿಂದ ತಂದಿದೀನಿ, ಅಕ್ಕಾ," ಎಂದಳು ಬಿಗಿಯಾಗಿ.

"ದಾನ ತಗೊಳ್ಳೋ ಗತಿ ನನಗಿನ್ನೂ ಬಂದಿಲ್ಲ ಕಣೇ," ಎಂದಳು ಓರಗಿತ್ತಿ, ಗೋಡೆ ಹಿಡಿದೇ. "ಸಂಘ ಅಂತ ಮಾಡು, ನನ್ನೂ ಸೇರಿಸ್ಕೋ. ಆಗ ಹಕ್ಕಿನಿಂದ ತಗೋತೀನಿ." ಅಷ್ಟರಲ್ಲಿ ಮಂಡಿ ಕುಸಿಯಿತು. ನರ್ಸಮ್ಮ ಗಬಕ್ಕನೆ ಹಿಡಿದುಕೊಂಡಳು. ಗಟ್ಟಿಮುಟ್ಟಾಗಿದ್ದ ಹೆಂಗಸು ಇಷ್ಟು ಹಗುರವಾಗಿದ್ದಾಳೆಯೇ! ಇಬ್ಬರೂ ಮುಖ ಮಾತ್ರ ಬೇರೆ ಬೇರೆ ಕಡೆ ತಿರುಗಿಸಿಯೇ ಇದ್ದರು.

ಮಾರನೆಯ ದಿನ ಆಡಿಟರ್ ತಲೆ ಚಚ್ಚಿಕೊಂಡ. "ಮತ್ತೆ ಸಂಘಾನಾ? ಅರ್ಜಿ ಬರೆದಾಯ್ತಲ್ಲಮ್ಮ!"

"ಹರಿದಾಕಿ. ಬೇಕಾದವರೆಲ್ಲ ಸದಸ್ಯರಾಗ್ಲಿ."

"ನಿಮ್ಮ ಓರಗಿತ್ತಿಯವರೇ ಅಧ್ಯಕ್ಷರ ಕುರ್ಚಿ ಹತ್ತಿಬಿಟ್ರೆ?"

"ಹತ್ಲಿ ಬಿಡಿ," ಎಂದಳು ನರ್ಸಮ್ಮ. "ಆ ಕುರ್ಚಿವರೆಗೂ ನಡ್ಕೊಂಡು ಹೋಗ್ಲಿ, ಸಾಕು."